ಸೆಲ್ಲಿನ ಮೇಲೆ ಹನ್ನೆರಡು ಸಹಿ

೧೯೯೨ರಲ್ಲಿ ನಾನು ಓದು ಬಿಟ್ಟೆ. ಒಂಬತ್ತನೇ ಇಯತ್ತೆಯ ಪುಸ್ತಕಗಳನ್ನು ಅಟ್ಟಕ್ಕೆ ಹಾಕಿ, ಹುಮನಾಬಾದಿನ ರೇಡಿಯೊ ದುರಸ್ತಿ ಅಂಗಡಿಯೊಂದರಲ್ಲಿ ಎಂಟು ವರ್ಷ ದುಡಿದು ಕಲಿತು, ಬಸವಕಲ್ಯಾಣದಲ್ಲಿ ಸ್ವಂತ ಅಂಗಡಿ ತೆರೆದೆ. ನಾನು ಹಾಕಿದ ಬೆಸುಗೆ ಬಿಟ್ಟುಕೊಂಡು ಯಾವ ಸಾಮಾನೂ ವಾಪಸ್ ಬಂದಿಲ್ಲ. ಜಂಬ ಅನ್ನುವವರು ಅನ್ನಲಿ.

೨೦೦೫ರ ಸುಮಾರಿಗೆ ಹುಮನಾಬಾದಿನಿಂದ ಒಬ್ಬ ಬಾಂಡ್ ರೈಟರ್ ಬಂದರು. ಅಲ್ಲಿನ ತಹಶೀಲ್ ಕಚೇರಿಯ ಎದುರು ಬೇವಿನ ಮರದ ಕೆಳಗೆ ಕೂತು ಖರೀದಿ ಪತ್ರ ಟೈಪ್ ಮಾಡುವವರು. ಹೈದರಾಬಾದಿನಿಂದ ತಂದ ಹಳೆಯ ಲ್ಯಾಪ್‌ಟಾಪು. ಬ್ಯಾಟರಿ ಹತ್ತು ನಿಮಿಷವೂ ನಿಲ್ಲದು. ಆ ಬ್ಯಾಟರಿ ಮಾಡುವುದನ್ನೇ ಕಂಪನಿ ಬಿಟ್ಟಿತ್ತು. ಮರದ ಕೆಳಗೆ ಕರೆಂಟೆಲ್ಲಿ? ಅವರ ಬಳಿ ಅಂಥ ಎರಡು ಪ್ಯಾಕ್ ಇದ್ದವು. ಒಂದನ್ನು ನನಗೆ ಕೊಟ್ಟು, ಇನ್ನೊಂದನ್ನು ಚೀಲದಲ್ಲಿ ಅವುಚಿಕೊಂಡು ಎದುರಿಗೇ ಕೂತರು. ಚಹಾಕ್ಕೂ ಏಳಲಿಲ್ಲ.

ಹೊಸ ಸೆಲ್ ಆರು ತೆಗೆದಿಟ್ಟೆ. ಅವರು ಪೆನ್ ತೆಗೆದು ಒಂದೊಂದರ ಮೇಲೂ ಸಹಿ ಮಾಡತೊಡಗಿದರು.

“ಇದೇನ್ ಮಾಡಾಕತ್ತೀರಿ, ಸಾಹೇಬ್ರ?”

“ಪತ್ರದಾಗ ಹಾಳಿ ಹಾಳಿಗೂ ಸಹಿ ಆಗ್ಬೇಕ್ರಿ, ಉಸ್ತಾದ್. ನಡುವಿಂದು ಬದಲ್ ಆಗಬಾರದು ನೋಡ್ರಿ.”

ನನಗೆ ಮೈ ಉರಿಯಿತು. ಪೆನ್ ಇಸಕೊಂಡು ಅವರ ಸಹಿಯ ಕೆಳಗೆ ನನ್ನದನ್ನೂ ಹಾಕಿದೆ.

“ನಾಳೆ ನೀವ್ ಬದಲ್ ಮಾಡಿ ತಂದ್ರ ನನಗೂ ಗೊತ್ತಾಗ್ಬೇಕಲ್ರಿ.”

ಹಳೆಯ ಸೆಲ್ ಕತ್ತರಿಸಿ ತೆಗೆದು ಹೊಸವನ್ನು ಬೆಸೆದೆ. ಆರರಲ್ಲೂ ವೋಲ್ಟೇಜ್ ಇತ್ತು. ಪ್ಯಾಕಿನಿಂದ ಹೊರಗೆ ಮಾತ್ರ ಸೊನ್ನೆ. ಅವರು ಬಗ್ಗಿ ಸಹಿ ಎಣಿಸಿದರು. ಹನ್ನೆರಡೂ ಇದ್ದವು.

“ಒಳಗಿಂದು ಏನರ ತಕ್ಕೊಂಡ್ರೇನ್ರಿ?”

“ಇಷ್ಟೊತ್ತು ನಿಮ್ಮ ಕಣ್ಣ ಎಲ್ಲಿತ್ರಿ? ಹೈದರಾಬಾದ್‌ನಾಗ ಯಾರೋ ಮೊದಲೇ ಬಿಚ್ಚಿರ್ಬೇಕು.”

ಹಾಗಂದು ಪ್ಯಾಕನ್ನು ನನ್ನತ್ತ ಎಳೆದುಕೊಂಡೆ. ನಾಳೆ ಆ ಮರದ ಕೆಳಗೆ ಪತ್ರ ಬರೆಸಲು ಬರುವವರಿಗೆಲ್ಲ ಇವರು ಇದೇ ಕಥೆ ಹೇಳುವರು. ನಾನು ಕೆಲಸ ಕಲಿತ ಊರಲ್ಲೇ ನನ್ನ ಹೆಸರು ಹೋಗುತ್ತದೆ.

ಅವರ ಎದುರೇ ಹೊಸ ಸೆಲ್ ಬಿಚ್ಚಿ, ಹಳೆಯವನ್ನೇ ಮರಳಿ ಬೆಸೆದೆ. ಆಗಲೂ ಸೊನ್ನೆ. ಬೆಳಿಗ್ಗೆ ಇವೇ ಐದಾರು ನಿಮಿಷವಾದರೂ ನಡೆಸಿದ್ದವಲ್ಲ? ಅಂದರೆ ಕತ್ತರಿಸಿದ ಗಳಿಗೆಯಲ್ಲೇ ಒಳಗಿನ ಚಿಪ್ ಬೀಗ ಹಾಕಿಕೊಂಡಿದೆ. ಕರೆಂಟು ತಪ್ಪಿದೊಡನೆ ಯಾರೋ ಕಳ್ಳ ಕೈ ಹಾಕಿದನೆಂದು ತಿಳಿದು, ಆಮೇಲೆ ಯಾರನ್ನೂ ನಂಬದು. ನಮ್ಮಿಬ್ಬರಿಗಿಂತ ದೊಡ್ಡ ಅನುಮಾನದ ಪ್ರಾಣಿ.

“ಇನ್ನೊಂದ್ ಕೊಡ್ರಿ.”

“ಅದನ್ನೂ ಕೊಲ್ಲಾಕೇನ್ರಿ?”

“ನನ್ನ ಮ್ಯಾಲ ಶಕ್ ಇದ್ರ ನೀವೇ ಕೈಯಾಗ ಹಿಡೀರಿ.”

ಚೀಲ ಬಿಚ್ಚಿದರು. ಹೊಸ ಸೆಲ್ಲುಗಳ ವೋಲ್ಟೇಜನ್ನು ಹಳೆಯವುಗಳಿಗೆ ಸಮ ಮಾಡಿ, ಚಿಪ್‌ಗೆ ಕರೆಂಟು ತಪ್ಪಬಾರದೆಂದು ಈ ಸಲ ಹೊಸವುಗಳ ತಂತಿ ಮೊದಲು ಬೆಸೆದೆ. ಹಳೆಯವನ್ನು ಕತ್ತರಿಸುವುದು ಆಮೇಲೆ. ನಡುವೆ ಒಂದು ತಂತಿ ಕಿತ್ತರೂ ಇದೂ ಹೋಯಿತು. ಹೊಸ ಸೆಲ್ಲುಗಳ ಕಟ್ಟು ಅವರ ಎರಡೂ ಅಂಗೈಯಲ್ಲಿತ್ತು. ಅವರ ಮೂಗಿನ ಮೇಲೆ ನೊಣ ಕೂತಿತು.

“ಇದನ್ನರ ಹೊಡೀರಿ, ಉಸ್ತಾದ್.”

“ಮೊದಲ ಬರದು ಕೊಡ್ರಿ, ಆಮ್ಯಾಲ ಹೊಡೀತೀನಿ.”

ಅವರು ನಗಲಿಲ್ಲ, ಅಲುಗಲೂ ಇಲ್ಲ. ಹಳೆಯ ಸೆಲ್ಲುಗಳ ಕೊನೆಯ ತಗಡಿನ ಪಟ್ಟಿ ಕತ್ತರಿಸಿದೆ. ಮೀಟರಿನ ಅಂಕಿ ಇದ್ದಲ್ಲೇ ನಿಂತಿತು. ಚಾರ್ಜ್ ಮಾಡಿ, ಲ್ಯಾಪ್‌ಟಾಪು ಶುರು ಮಾಡಿ, ಎರಡು ತಾಸು ಎದುರುಬದುರು ಕೂತು ಕಾಯ್ದೆವು. ಆರಲಿಲ್ಲ.

ಹೋಗುವಾಗ ಹಳೆಯ ಹನ್ನೆರಡು ಸೆಲ್ಲುಗಳನ್ನೂ ಎಣಿಸಿ ಕರವಸ್ತ್ರದಲ್ಲಿ ಕಟ್ಟಿಕೊಂಡರು. ಮುಂದಿನ ವಾರ ಹುಮನಾಬಾದಿನಿಂದ ಇನ್ನಿಬ್ಬರು ಬ್ಯಾಟರಿ ತಂದರು. ಇಬ್ಬರ ಕೈಯಲ್ಲೂ ಪೆನ್ ಇತ್ತು.

ಈಗ ನನ್ನ ಬಳಿ ಇರುವುದು ಒಂದು ಅಂಗಡಿ, ನಾಲ್ಕು ಮೀಟರ್, ಎರಡು ಸೋಲ್ಡರಿಂಗ್ ಐರನ್, ಗೋಡೆಯ ಮೊಳೆಗೆ ನೇತುಹಾಕಿದ ಸತ್ತ ಚಿಪ್ ಒಂದು.