ಅಂಚಿನಿಂದ ಬಂದ ಚೆಂಡು

ಹೈದರಾಬಾದಿನಲ್ಲಿ ವಾರಕ್ಕೊಂದು ಸಾಫ್ಟ್‌ವೇರ್ ಕಂಪನಿ ಬಾಗಿಲು ತೆರೆಯುತ್ತಿದ್ದ ಕಾಲ. ನಾರಾಯಣಗೂಡದ ಮೈದಾನದಲ್ಲಿ ಭಾನುವಾರ ಬೆಳಿಗ್ಗೆ ನಮ್ಮ ಆಫೀಸಿನ ಫುಟ್‌ಬಾಲ್ ತಂಡಕ್ಕೆ ಆಟ ಕಲಿಸುತ್ತಿದ್ದವರು ಬೀದರ ಕಡೆಯ ಒಬ್ಬ ನಿವೃತ್ತ ಮಾಸ್ತರರು. ಅವರ ದಾಳಿ ಒಂದೇ ಬಗೆಯದು: ಚೆಂಡನ್ನು ಅಂಚಿಗೆ ಒಯ್ದು, ಅಲ್ಲಿಂದ ಗೋಲಿನ ಮುಂದೆ ಎತ್ತಿ ಹಾಕುವುದು. "ಕ್ರಾಸ್ ಹಾಕ್ರಪಾ, ಯಾರರ ಬಂದೇ ಬರತಾರ," ಎನ್ನುತ್ತ ತೋಳನ್ನು ಕಮಾನಿನಂತೆ ಬೀಸಿ ತೋರಿಸುತ್ತಿದ್ದರು. ನಮ್ಮಲ್ಲಿ ಆ ಚೆಂಡಿಗೆ ತಲೆ ಕೊಟ್ಟು ಗೋಲು ಹೊಡೆಯಬಲ್ಲವನು ಆರಡಿಯ ಗೆಳೆಯನೊಬ್ಬನೇ.

ಕಂಪನಿಗಳ ನಡುವಿನ ಪಂದ್ಯಾವಳಿಯ ಫೈನಲ್‌ನಲ್ಲಿ ಅವನ ಕಾಲು ಉಳುಕಿತು. ಮಾಸ್ತರರು ನನ್ನನ್ನು ಮುಂದಕ್ಕೆ ಕಳಿಸಿದರು.

"ಸರ್, ನಾ ಎಲ್ಲಾರಕಿಂತ ಗಿಡ್ಡ ಅದೀನ್ರಿ."

"ಅದಕ್ಕ ನಿನ್ನ ಯಾರೂ ಕಾಯಂಗಿಲ್ಲ. ಹೋಗು."

ಎಡ ಅಂಚಿನ ಆಟಗಾರ ಹಾಕಿದ ಕ್ರಾಸುಗಳೆಲ್ಲ ನನ್ನ ತಲೆಯ ಮೇಲೆ ಹಾರಿಹೋದವು. ನಮ್ಮ ಆಫೀಸಿನವರೇ ನಕ್ಕರು. ಕ್ರಾಸ್ ಹಾಕುತ್ತಿದ್ದವನು ಕೈಚೆಲ್ಲಿ ಮಾಸ್ತರರತ್ತ ನೋಡಿದ. ಅವರು ಮತ್ತೆ ತೋಳು ಬೀಸಿದರು. ಕೊನೆಯ ನಿಮಿಷದಲ್ಲಿ ಚೆಂಡು ತುಸು ಕೆಳಗೆ ಬಂತು. ಕಣ್ಣು ಮುಚ್ಚಿ ಹಣೆ ಕೊಟ್ಟೆ. ಗೋಲು! ಗೆದ್ದೆವು.

ಎಲ್ಲರೂ ನನ್ನನ್ನು ಹೆಗಲಿಗೇರಿಸಿಕೊಂಡರು. ಮಾಸ್ತರರು ಮಾತ್ರ ಮೈದಾನ ದಾಟಿ ಓಡಿ, ಕ್ರಾಸ್ ಹಾಕಿದವನನ್ನು ತಬ್ಬಿಕೊಂಡರು.

"ಎಲ್ಲಾರೂ ನಕ್ಕರೂ ಹಾಕೂದು ಬಿಡಲಿಲ್ಲಲ್ಲೋ, ಶಾಬಾಸ್!"

ಅವನು ಮಗುವಿನಂತೆ ಅಳುತ್ತಿದ್ದ. ನಾನು ಮೇಲಿನಿಂದಲೇ ಅವರಿಬ್ಬರಿಗೆ ಚಪ್ಪಾಳೆ ತಟ್ಟಿದೆ.