ಬೀಗ ಕಂಡರೆ ಖಾಲಿ

ಹೆಬ್ಬಗೋಡಿಯ ವಠಾರಕ್ಕೆ ಅಧ್ಯಯನಕಾರರು ಬರುವುದು ಬಿಸಿಲೇರಿದ ಮೇಲೆಯೇ. ನಮ್ಮಂಥ ಬರೆಯುವವರೂ ಅಷ್ಟೇ ಅನ್ನಿ. ಆ ಅಧ್ಯಯನಕಾರರ ಪೈಕಿ ಡಾಕ್ಟರ್ ಪಂಚಾಕ್ಷರಿ ಬಲು ಸಜ್ಜನರೆಂದು, ಕಾರ್ಖಾನೆಯ ಎರಡನೇ ಶಿಫ್ಟಿಗೆ ಹೋಗುವ ಬಾಡಿಗೆದಾರಳಾದ ಬಸಮ್ಮನೂ ಒಪ್ಪುತ್ತಾಳೆ. ಅವಳ ಹೊಟ್ಟೆ ಉರಿಯುವುದೂ ಅದಕ್ಕೇ. ಕೂಗಾಡುವವರಾದರೆ ತಿರುಗಿ ಕೂಗಾಡಬಹುದು. ಇವರು ಅಂಗಳದಲ್ಲೇ ಚಪ್ಪಲಿ ಬಿಡುತ್ತಾರೆ, ಕೊಟ್ಟ ಮಜ್ಜಿಗೆಯನ್ನು ಅರ್ಥಶಾಸ್ತ್ರದ ಗ್ರಂಥದಷ್ಟೇ ಶ್ರದ್ಧೆಯಿಂದ ಮುಗಿಸುತ್ತಾರೆ, ಬೀದಿನಾಯಿಗೂ “ಸ್ವಲ್ಪ ದಾರಿ ಬಿಡಿ” ಅನ್ನುತ್ತಾರೆ, ಬಾಗಿಲಲ್ಲಿ ಬೀಗ ಕಂಡರೆ ಮಾತ್ರ ‘ಖಾಲಿ’ ಎಂದು ಬರೆದುಕೊಂಡು ಮುಂದೆ ಹೋಗುತ್ತಾರೆ. ಹೋದ ಸಲ ಅವರು ಕೊಟ್ಟ ಮನೆಗಣತಿಯ ವರದಿ ನಂಬಿದ ಸರ್ಕಾರ, ಇಲ್ಲಿ ಖಾಲಿ ಮನೆಗಳು ಬೇಕಾದಷ್ಟಿವೆಯೆಂದು, ಕಾರ್ಮಿಕರಿಗೆ ಕಟ್ಟಬೇಕಿದ್ದ ಮನೆಗಳನ್ನೇ ಕೈಬಿಟ್ಟಿತು. ಬಸಮ್ಮ ಆಸೆಯಿಟ್ಟಿದ್ದ ಮನೆಯೂ ಅದರಲ್ಲೇ ಹೋಯಿತು. ಈ ಸಲ ಅವಳು ತನ್ನ ಕೋಣೆಯ ಬೀಗದ ಮುಂದೆಯೇ ಅವರನ್ನು ಅಡ್ಡಗಟ್ಟಿದಳು. “ಖಾಲಿ ಅಲ್ಲ ಸಾರ್! ನೈಟ್ ಶಿಫ್ಟ್ ಹುಡುಗೀರು ನಿದ್ದೆ ಮಾಡ್ಲಿ, ಯಾರೂ ಬಾಗ್ಲು ತಟ್ಟಬಾರ್ದು ಅಂತ ನಾವೇ ಹೊರಗಿಂದ ಬೀಗ ಹಾಕಿ ಕಟ್ಟೆ ಮೇಲೆ ಕೂತ್ಕೋತೀವಿ. ಅವ್ರು ಎದ್ದು ಹೋದ್ಮೇಲೆ ಅದೇ ಚಾಪೇಲಿ ನಾವು. ಕಣ್ಣಾರೆ ನೋಡಿ ಸಾರ್ ಒಂದ್ಸಲ!” ಎಂದು ಬಾಗಿಲು ತೆರೆದಳು. ಕಾಲಿಡಲೂ ಜಾಗವಿಲ್ಲದಂತೆ ಹುಡುಗಿಯರು ಒತ್ತೊತ್ತಾಗಿ ಮಲಗಿದ್ದರು. ಪಂಚಾಕ್ಷರಿಯವರ ಕಣ್ಣು ನಿಜಕ್ಕೂ ಒದ್ದೆಯಾಯಿತು. “ಛೆ, ಪಾಪ, ಎಬ್ಬಿಸಬೇಡಿ ತಾಯಿ” ಎಂದು ಪಿಸುಗುಟ್ಟಿ, ತುದಿಗಾಲಲ್ಲಿ ಹಿಂದೆ ಸರಿದು, ಬಾಗಿಲೆಳೆದು, ಸದ್ದಾಗದ ಹಾಗೆ ತಮ್ಮ ಕೈಯಾರೆ ಬೀಗ ಒತ್ತಿದರು. ಆಮೇಲೆ ಆ ಬೀಗವನ್ನೇ ನೋಡುತ್ತ, ಅಭ್ಯಾಸಬಲದಿಂದ, ‘ಖಾಲಿ’ ಎಂದು ಬರೆದುಕೊಂಡರು.