ಉದುರಿಹೋದ ‘ನೇ’

ಪ್ರಬಂಧ ಯಾರದೇ ಇರಲಿ, ವಾದ್ಕೆರ್ತಿ ಗಿಜೆಲ್ಲಾ ಅದರ ಬಾಲದಿಂದಲೇ ಓದಲು ಶುರುಮಾಡುತ್ತಾಳೆ. ಯಾವ ಗಿಡಕ್ಕೆ ಯಾವ ರೋಗ ಬಂತೋ ಅದು ಅವಳಿಗೆ ಬೇಡ. ಕೊನೆಯ ಪುಟಗಳಲ್ಲಿರುವ ಆಧಾರಗ್ರಂಥಗಳ ಪಟ್ಟಿ ಬೇಕು. ಯಾರು ಬರೆದದ್ದು, ಯಾವ ವರ್ಷ, ಎಷ್ಟನೇ ಸಂಪುಟ, ಯಾವ ಪುಟದಿಂದ ಯಾವ ಪುಟ, ಅಲ್ಪವಿರಾಮ ಎಲ್ಲಿ, ಓರೆ ಅಕ್ಷರ ಎಲ್ಲಿ. ಹಂಗೇರಿಯ ಸೆಗೆದ್ ಊರಿನ ಒಂದು ಸಸ್ಯರೋಗ ಪತ್ರಿಕೆಯಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಇದನ್ನು ನೋಡುವುದೇ ಅವಳ ಕೆಲಸ.

ಸಣ್ಣ ಕೆಲಸ ಅನ್ನಬೇಡಿ. ದೊಡ್ಡ ದೊಡ್ಡ ಪ್ರೊಫೆಸರುಗಳೇ ಅವಳ ಬಾಗಿಲ ಮುಂದೆ ಬೆಕ್ಕಿನ ಹಾಗೆ ನಡೆಯುತ್ತಿದ್ದರು. “ಕುರ್ಚಿ ಸಿಕ್ಕಿದ್ರೆ ಸಾಲದು ಸ್ವಾಮಿ, ಸಂಪುಟದ ನಂಬರೂ ನೆಟ್ಟಗಿರಬೇಕು” ಎಂದು ಮುಖಕ್ಕೆ ಹೊಡೆದ ಹಾಗೆ ಅಂದುಬಿಡುತ್ತಿದ್ದಳು. ಗಂಡನನ್ನು ಬಿಟ್ಟು ಹದಿನೆಂಟು ವರ್ಷವಾಗಿತ್ತು. ಮನೆಯಲ್ಲಿ ಒಂದು ರೇಡಿಯೋ, ನಾಲ್ಕು ಕುಂಡ ಜೆರೇನಿಯಂ. ಬೇಸರವಾಯಿತೆಂದು ಯಾರ ಹತ್ತಿರವೂ ಹೇಳಿಕೊಂಡವಳಲ್ಲ.

ಆ ಬುಧವಾರ ಅವಳ ಕೈಗೆ ಬಂದದ್ದು ಎಮೆಶೆ ಎಂಬ ಸಂಶೋಧಕಿಯ ಪ್ರಬಂಧ. ಪಾಪ್ರಿಕಾ ಮೆಣಸಿನಕಾಯಿಗೆ ಹತ್ತುವ ಬೂಷ್ಟಿನ ಮೇಲೆ. ಸಂಚಿಕೆ ಶುಕ್ರವಾರ ಮಧ್ಯಾಹ್ನ ಅಚ್ಚಿಗೆ ಹೋಗಬೇಕು. ಪಟ್ಟಿಯಲ್ಲಿದ್ದ ಅರವತ್ತೊಂದು ಹೆಸರುಗಳಲ್ಲಿ ‘ಲಾದಾನಿ ವಿ., ೧೯೬೮’ ಎಂಬಲ್ಲಿ ಒಂದು ಪುಟಸಂಖ್ಯೆ ಅವಳಿಗೆ ಅನುಮಾನ ಹುಟ್ಟಿಸಿತು.

“ಏನಮ್ಮಾ, ಈ ಲೇಖನ ಕಣ್ಣಾರೆ ನೋಡಿದ್ದೀಯಾ, ಇಲ್ಲಾ ಯಾರದೋ ಪಟ್ಟಿಯಿಂದ ಎತ್ತಿದ್ದಾ?”

“ಇಲ್ಲ ಗಿಜಿ ಅತ್ತೆ, ನಿಮ್ಮ ಪತ್ರಿಕೆಯ ಹಳೇ ಪಟ್ಟಿಯಿಂದಲೇ ತಗೊಂಡೆ. ನೀವು ಮಾಡಿದ ಪಟ್ಟಿಯಲ್ಲಿ ತಪ್ಪಿರಲ್ಲ ಅಂತ ಎಲ್ರೂ ಅಂತಾರೆ” ಎಂದಳು ಎಮೆಶೆ.

ಗಿಜೆಲ್ಲಾಗೆ ಒಳಗೊಳಗೇ ಖುಷಿಯಾಯಿತು. ಹಾಗೇ ನೆಲಮಾಳಿಗೆಗೆ ಇಳಿದು, ಧೂಳು ಕೊಡವಿ, ಅರವತ್ತೆಂಟರ ಸಂಪುಟ ತೆಗೆದಳು. ಪುಟಸಂಖ್ಯೆ ಸರಿಯಾಗಿಯೇ ಇತ್ತು. ಆದರೆ ಲೇಖನದ ತಲೆಯ ಮೇಲೆ ಅಚ್ಚಾಗಿದ್ದ ಹೆಸರು ‘ಲಾದಾನಿ ವಿಲ್ಮೋಶ್‌ನೇ’.

ಇಲ್ಲಿ ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ಹಳೆಯ ಕಾಲದ ಹೆಂಗಸರು ಮದುವೆಯಾದೊಡನೆ ಗಂಡನ ಇಡೀ ಹೆಸರಿಗೆ ಒಂದು ‘ನೇ’ ಅಂಟಿಸಿಕೊಂಡು ಬಿಡುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಪೆಟ್ಟಿಗೆಯ ತಳ ಸೇರುತ್ತಿತ್ತು. ವಿಲ್ಮೋಶ್‌ನೇ ಎಂದರೆ ವಿಲ್ಮೋಶನ ಹೆಂಡತಿ. ಇಪ್ಪತ್ತೈದು ವರ್ಷದ ಹಿಂದೆ ಪತ್ರಿಕೆಗೆ ಹೊರದೇಶದ ಪದ್ಧತಿ ಬಂದಾಗ, ಸ್ವಂತ ಹೆಸರಿನ ಮೊದಲಕ್ಷರ ಮಾತ್ರ ಉಳಿಸಬೇಕೆಂಬ ನಿಯಮ ಹಿಡಿದು ಆ ‘ನೇ’ಯನ್ನು ಕತ್ತರಿಸಿದವಳು ಗಿಜೆಲ್ಲಾ. ಅಂದಿನಿಂದ ಹೆಂಡತಿಯ ಲೇಖನ ಗಂಡನದಾಯಿತು. ಹಂಗೇರಿಯ ಮಾತಿನಲ್ಲಿ ‘ಅವನು’, ‘ಅವಳು’ ಎರಡಕ್ಕೂ ಒಂದೇ ಪದ, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಎಮೆಶೆಯ ಇಂಗ್ಲಿಷ್ ಸಾರಾಂಶದಲ್ಲಂತೂ ಲಾದಾನಿ ಗಂಡಸಾಗಿಯೇ ಕೂತಿದ್ದ.

ಗಿಜೆಲ್ಲಾ ಸಂಪುಟ ಹಿಡಿದುಕೊಂಡು ಸಂಪಾದಕನ ಕೋಣೆಗೆ ಮೆಟ್ಟಿಲು ಹತ್ತಿದಳು. ಥೂ, ಎಂಥ ಕೆಲಸ ಮಾಡಿಬಿಟ್ಟೆ!

ಸಂಪಾದಕ ಡಾಕ್ಟರ್ ಸಾಲ್ಕೈ ಒಳ್ಳೆಯ ಮನುಷ್ಯ, ಆದರೆ ರಗಳೆ ಎಂದರೆ ಆಗದು. “ಬಿಡು ಗಿಜಿ. ಇಪ್ಪತ್ತಮೂರು ಲೇಖನದಲ್ಲಿ ಹೀಗೇ ಬಂದಿದೆ. ಈಗ ನಾವೊಬ್ರೇ ಬದಲಾಯಿಸಿದ್ರೆ ಕಂಪ್ಯೂಟರು ಇವರು ಬೇರೆ, ಅವರು ಬೇರೆ ಅನ್ನುತ್ತೆ. ಅಲ್ಲದೆ ಏನಂತ ಬರೀತೀಯ? ಆಕೆಯ ಸ್ವಂತ ಹೆಸರು ಯಾರಿಗೆ ಗೊತ್ತು?”

“ಆಕೆಗೆ ಗೊತ್ತಿರುತ್ತಲ್ಲ.”

“ಬದುಕಿದ್ರೆ ತಾನೇ! ಸರಿ, ಶುಕ್ರವಾರ ಹನ್ನೆರಡರೊಳಗೆ ಆಕೆಯ ಕೈಯಿಂದಲೇ ಬರೆಸಿಕೊಂಡು ಬಾ, ಹಾಕೋಣ. ತಡವಾದ್ರೆ ಇದ್ದ ಹಾಗೇ ಹೋಗುತ್ತೆ.”

ಟೆಲಿಫೋನ್ ಪುಸ್ತಕದಲ್ಲಿ ‘ಲಾದಾನಿ ವಿಲ್ಮೋಶ್‌ನೇ’ ಇನ್ನೂ ಇದ್ದರು. ಗುರುವಾರ ಬೆಳಿಗ್ಗೆ ಗಿಜೆಲ್ಲಾ ತೀಸಾ ನದಿ ದಾಟಿ ಹೋದಳು. ಎರಡನೇ ಮಹಡಿಯಲ್ಲಿ ಬಾಗಿಲು ತೆರೆದದ್ದು ಎಂಬತ್ತೊಂಬತ್ತು ವರ್ಷದ, ಹಕ್ಕಿಯಷ್ಟು ಹಗುರಾದ ಮುದುಕಿ. ಒಳಗೆ ಕೂರಿಸಿ, ಕಾಫಿ ಕೊಟ್ಟು, ಉಪ್ಪು ಬಿಸ್ಕತ್ತಿನ ತಟ್ಟೆ ಮುಂದಿಟ್ಟಳು. ಗಿಜೆಲ್ಲಾ ಬಂದ ವಿಷಯ ಹೇಳಿದಳು. ಮುದುಕಿ ಆಶ್ಚರ್ಯಪಡಲೇ ಇಲ್ಲ.

“ಗೊತ್ತಮ್ಮ, ಆವಾಗಲೇ ನೋಡಿದ್ದೆ. ನಮ್ಮೆಜಮಾನ್ರು ಟ್ರಾಮ್ ಓಡಿಸ್ತಿದ್ರು. ಬೂಷ್ಟು ಅಂದ್ರೆ ಅವರಿಗೆ ಗೊತ್ತಿದ್ದದ್ದು ಬ್ರೆಡ್ಡಿನ ಮೇಲಿನದು ಒಂದೇ. ಪತ್ರಿಕೆ ನೋಡಿ ಹೊಟ್ಟೆ ಹಿಡ್ಕೊಂಡು ನಕ್ಕರು. ‘ಲೇ, ನಾನು ವಿಜ್ಞಾನಿ ಆಗಿಬಿಟ್ಟೆ, ಇನ್ಮೇಲೆ ಟಿಕೆಟ್ ಕೇಳೋರು ನಮಸ್ಕಾರ ಹೊಡೀಬೇಕು’ ಅಂತ ಡಿಪೋ ತುಂಬಾ ಹೇಳ್ಕೊಂಡು ಬಂದ್ರು. ನಾನೂ ನಕ್ಕೆ. ಅವರು ತೀರಿಹೋದ ಮೇಲೆ ನಗು ಬರಲಿಲ್ಲ. ಆರು ಬೇಸಿಗೆ ಆ ಮೆಣಸಿನ ಹೊಲಗಳಲ್ಲಿ ಬೆನ್ನು ಬಗ್ಗಿಸಿದ್ದು ನಾನು. ತುಂಬಾ ನೋವಾಯ್ತಮ್ಮ, ಸುಳ್ಳು ಯಾಕೆ ಹೇಳ್ಲಿ.”

“ನೀವು ಆಗಲೇ ಒಂದು ಮಾತು ತಿಳಿಸಬಹುದಿತ್ತಲ್ಲಮ್ಮ?”

“ಫೋನ್ ಮಾಡಿದ್ದೆ. ಯಾವಳೋ ಹುಡುಗಿ ಎತ್ತಿದ್ಳು. ‘ನಿಯಮ ಅಂದ್ರೆ ನಿಯಮ, ನಿಮ್ಮೊಬ್ಬರಿಗೋಸ್ಕರ ಪದ್ಧತಿ ಬದಲಾಯಿಸೋಕಾಗಲ್ಲ’ ಅಂದ್ಳು. ನಿನ್ನ ಹೆಸರೇನಮ್ಮ ಅಂತ ಕೇಳಿದೆ. ಟಕ್ ಅಂತ ಇಟ್ಟುಬಿಟ್ಳು.”

ಗಿಜೆಲ್ಲಾ ಕಪ್ಪನ್ನು ಕೆಳಗಿಟ್ಟಳು. ಫೋನು ಬಂದದ್ದು ಅವಳಿಗೆ ನೆನಪೇ ಇರಲಿಲ್ಲ. ಆದರೆ ಆಗ ಕಚೇರಿಯಲ್ಲಿ ಇದ್ದ ಹೆಂಗಸು ಅವಳೊಬ್ಬಳೇ. ಆ ಮಾತಿನ ಧಾಟಿಯೂ ಅವಳದೇ.

“ಅದು ನಾನೇ, ಅಮ್ಮ.”

“ಬಾಗಿಲಲ್ಲಿ ಬಾಯಿ ಬಿಟ್ಟಾಗಲೇ ಅನ್ನಿಸ್ತು” ಎಂದಳು ಮುದುಕಿ, ತಟ್ಟೆಯನ್ನು ಇನ್ನಷ್ಟು ಹತ್ತಿರ ಸರಿಸುತ್ತ. “ತಿನ್ನು, ತಿನ್ನು. ಇಷ್ಟು ದೂರ ಬಂದಿದ್ದೀಯ.”

ಗಿಜೆಲ್ಲಾ ಒಂದು ಬಿಸ್ಕತ್ತು ತಿಂದಳು. ಚೀಲದಿಂದ ಕಾಗದ, ಪೆನ್ನು ತೆಗೆದಳು. ಮುದುಕಿ ಪೆನ್ನು ಹಿಡಿದಳು. ಅರವತ್ತನಾಲ್ಕು ವರ್ಷದಿಂದ ಬರೆಯದ ಹೆಸರು. ‘ಚಾನಾಕಿ’ ಎಂದು ಬರೆದು ನಿಲ್ಲಿಸಿ, ನಕ್ಕು, ನಿಧಾನವಾಗಿ ‘ಎತೆಲ್ಕಾ’ ಎಂದು ಮುಗಿಸಿದಳು.

“ಪಟ್ಟಿಯಲ್ಲಿ ಚಾನಾಕಿ ಎ. ಅಂತ ಬರುತ್ತಮ್ಮ. ಒಂದಕ್ಷರ, ಒಂದು ಚುಕ್ಕಿ.”

“ಅಯ್ಯೋ, ಇಷ್ಟೆಲ್ಲ ಒದ್ದಾಡಿದ್ದು ಒಂದಕ್ಷರಕ್ಕಾ?”

ಇಬ್ಬರೂ ನಕ್ಕರು. ಆದರೆ ವಾಪಸು ಬರುವ ದಾರಿಯುದ್ದಕ್ಕೂ ಗಿಜೆಲ್ಲಾಗೆ ಆ ಮಾತು ಚುಚ್ಚುತ್ತಲೇ ಇತ್ತು.

ಶುಕ್ರವಾರ ಹನ್ನೊಂದೂವರೆಗೆ ಸಾಲ್ಕೈ ಕೊನೆಯ ಕರಡು ನೋಡಲು ಕೂತ. ಪಟ್ಟಿಯಲ್ಲಿ ಅರವತ್ತು ಜನಕ್ಕೆ ಒಂದೊಂದೇ ಅಕ್ಷರ. ಒಬ್ಬರಿಗೆ ಮಾತ್ರ ಇಡೀ ಹೆಸರು: ಚಾನಾಕಿ ಎತೆಲ್ಕಾ.

“ಗಿಜಿ! ನಿನ್ನ ಕೈಯಿಂದ ನಿಯಮ ತಪ್ಪಿತಾ?”

“ತಪ್ಪಿತು. ತಪ್ಪಲಿ ಬಿಡಿ.”

ಅವನು ನಗುತ್ತ ಪುಟ ತಿರುವಿದ. ಕೆಳಗೆ ನಾಲ್ಕು ಸಾಲಿನ ತಿದ್ದುಪಡಿ ಇತ್ತು. ಲಾದಾನಿ ವಿ. ಹೆಸರಿನಲ್ಲಿ ಈವರೆಗೆ ಬಂದಿದ್ದ ಲೇಖನ ಚಾನಾಕಿ ಎತೆಲ್ಕಾ ಅವರದು. ತಪ್ಪು ವಾದ್ಕೆರ್ತಿ ಗಿಜೆಲ್ಲಾಳದು. ಸಾಲ್ಕೈ ಕನ್ನಡಕ ತೆಗೆದ.

“ಇದೇನು ಮಾರಾಯ್ತಿ, ಪಟ್ಟಿ ಮಾಡಿದವರ ಹೆಸರೆಲ್ಲ ಯಾರಾದ್ರೂ ಹಾಕ್ತಾರಾ? ಕಚೇರಿಯ ತಪ್ಪು ಅಂತ ಹಾಕೋಣ, ಸಾಕು.”

“ಕಚೇರಿ ಫೋನ್ ಎತ್ತಲಿಲ್ಲ ಡಾಕ್ಟ್ರೇ, ಎತ್ತಿದ್ದು ನಾನು” ಎಂದಳು ಗಿಜೆಲ್ಲಾ. “ನಿನ್ನ ಹೆಸರೇನು ಅಂತ ಅವರು ಆವತ್ತು ಕೇಳಿದ್ರು. ಈಗ ಹೇಳ್ತಿದ್ದೀನಿ.”